ಇಲ್ಲದ ಅತ್ತೆಯ ಸೊಸೆಯರು

ಮಾರ್ಚ್ 4, ಬೆಳಿಗ್ಗೆ 6.10

ಬಾತ್‌ರೂಮಿನ ಕ್ಯೂನಲ್ಲಿ ನಮ್ಮದು ಐದನೇ ಬಕೆಟ್. ವಾರಗಿತ್ತಿ ಆಗಲೇ ಶುರು ಮಾಡಿದ್ದಾಳೆ — ಒದ್ದೆ ಟವೆಲ್ ಮಂಚದ ಕಂಬಿಗೆ ಹಾಕಬೇಡ ಅಂತ. ಕಂಬಿ ಬಿಟ್ಟರೆ ಇನ್ನೆಲ್ಲಿ ಹಾಕಲಿ, ಇವಳ ತಲೆ ಮೇಲಾ?

ಇಲ್ಲಿಯಾದರೂ ನಿಜ ಬರೆಯುತ್ತೇನೆ. ಅವಳು ನನ್ನ ವಾರಗಿತ್ತಿಯೇ ಅಲ್ಲ. ಜನವರಿಯಲ್ಲಿ ಈ ಆಶ್ರಯ ಕೇಂದ್ರದ ಗೇಟಿನ ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದಳು, ಅಷ್ಟೇ. ನನ್ನವನು ಬಾಡಿಗೆ ಮನೆ ಬಿಟ್ಟು ಹೇಳದೆ ಹೋಗಿದ್ದ. ಅವಳ ಗಂಡ ತೀರಿಕೊಂಡ ತಿಂಗಳಿಗೇ ಮನೆಯವರು ಅವಳನ್ನು ಹೊರಗೆ ಹಾಕಿದ್ದರು. ಉಳಿದಿದ್ದದ್ದು ಒಂದೇ ಫ್ಯಾಮಿಲಿ ರೂಮು, ಕನಿಷ್ಠ ಮೂರು ಜನಕ್ಕೆ. ನಾವು ಇಬ್ಬರು — ನಾನು, ಐದು ವರ್ಷದ ಮಗಳು. ಹಿಂದಿರುವವರು ಯಾರು ಅಂತ ಗುಮಾಸ್ತ ಕೇಳಿದ. ಬಾಯಿಂದ ಬಂದೇ ಬಿಟ್ಟಿತು: “ನಮ್ಮ ವಾರಗಿತ್ತಿ.”

ಅವಳು ಕಣ್ಣು ಮಿಟುಕಿಸಲಿಲ್ಲ. “ಹೂಂ. ಹಿರೀಸೊಸೆ ನಾನು,” ಅಂದಳು. ಅವತ್ತು ಹಿಡಿದ ಹಿರಿತನ ಇನ್ನೂ ಬಿಟ್ಟಿಲ್ಲ.

ಮಾರ್ಚ್ 9

ನಲ್ಲಿ ಹತ್ತಿರ ಎಲ್ಲರೂ ಅತ್ತೆಯರನ್ನು ಬೈಯುತ್ತಾರೆ. ನಾವು ಸುಮ್ಮನಿದ್ದರೆ ಅನುಮಾನ ಬರುತ್ತದೆ ಅಂತ ನಾವೂ ಒಬ್ಬಳನ್ನು ಮಾಡಿಕೊಂಡೆವು. ಸಕ್ಕರೆ ಡಬ್ಬಕ್ಕೆ ಬೀಗ ಹಾಕುವವಳು. ಒಂದು ಕಿವಿ ಕೇಳಿಸದು; ಬೇಕಾದ್ದು ಮಾತ್ರ ಎರಡರಲ್ಲೂ ಕೇಳುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಅತ್ತೆಗೆ ಹುಟ್ಟುವ ಕಾಲವೇ ಬಂದಿರಲಿಲ್ಲ.

ಇವತ್ತು ವಾರಗಿತ್ತಿ ಎಲ್ಲರೆದುರು, ಅತ್ತೆಗೆ ಕಿರಿಯವಳೇ ಮುದ್ದು, ತಾನು ದುಡಿದು ಸತ್ತರೂ ಕಣ್ಣಿಗೆ ಬೀಳಲಿಲ್ಲ ಅಂದಳು. ನನಗೆ ನಿಜಕ್ಕೂ ಕೋಪ ಬಂತು. ಸಂಜೆತನಕ ಮಾತು ಬಿಟ್ಟೆ. ಎಂಥ ಹುಚ್ಚು...

ಮಾರ್ಚ್ 18

ಮಗಳಿಗೆ ಮೂರು ದಿನ ಜ್ವರ. ಆಸ್ಪತ್ರೆ ಲಾಂಡ್ರಿಯಲ್ಲಿ ನನಗೆ ರಜೆ ಕೊಡಲಿಲ್ಲ. ವಾರಗಿತ್ತಿ ಆಫೀಸು ಗುಡಿಸುವ ಕೆಲಸಕ್ಕೆ ಹೋಗದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಇವತ್ತು ಹೋದರೆ ಅಲ್ಲಿ ಬೇರೆ ಯಾರೋ ಪೊರಕೆ ಹಿಡಿದಿದ್ದರಂತೆ. ಬಿಡು, ಆ ಮಹಡಿ ಹತ್ತಿ ಹತ್ತಿ ಮಂಡಿ ಹೋಗಿತ್ತು ಅಂದಳು. ಮಗಳು ಈಗ ದೊಡ್ಡಮ್ಮನ ಕೈಯಿಂದಲ್ಲದೆ ಮಾತ್ರೆ ನುಂಗುವುದಿಲ್ಲ.

ಏಪ್ರಿಲ್ 3

ಕೌನ್ಸೆಲರ್ ಮೇಡಂ ಕರೆಸಿದ್ದರು. ಫ್ಲ್ಯಾಟ್ ಬಂದಿದೆ — ಒಂದು ರೂಮು, ಅಡುಗೆಮನೆ, ನಮ್ಮದೇ ಬಾತ್‌ರೂಮು. ತಾಯಿ-ಮಗುವಿಗೆ ಮೊದಲ ಸರದಿ. ಮೂರು ಜನ ಅಂತ ಬರೆದರೆ ಸಂಬಂಧದ ದಾಖಲೆ ಬೇಕು. ನಮ್ಮಿಬ್ಬರ ಮದುವೆ ಸರ್ಟಿಫಿಕೇಟು ಪಕ್ಕಪಕ್ಕ ಇಟ್ಟು ನನ್ನ ಮುಖ ನೋಡಿದರು. ಅದರಲ್ಲಿ ಅವಳ ಮಾವನ ಹೆಸರು ಒಂದು, ನನ್ನ ಮಾವನದು ಇನ್ನೊಂದು.

“ಇಲ್ಲೀತನಕದ್ದು ನಾನು ಕೇಳಲ್ಲ. ಶುಕ್ರವಾರ ನಿಜ ಬರೀರಿ. ಸುಳ್ಳು ಬರೆದ್ರೆ ಇಬ್ರೂ ಹೊರಗೆ.”

ಒಂಟಿ ಹೆಂಗಸರಿಗೆ ರಸ್ತೆಯಾಚೆಯ ಹಾಲ್. ನಲವತ್ತು ಮಂಚ.

ರೂಮಿಗೆ ಬಂದರೆ ಅವಳು ತನ್ನ ಬಟ್ಟೆ ಬೇರೆ ಮಡಚುತ್ತಿದ್ದಳು. ಅವಳಿಗೂ ಹೇಳಿದ್ದರಂತೆ. “ಇಬ್ರು ಅಂತ ಬರಿ. ಮಗು ಇದೆ,” ಅಂದಳು. ನಾನು ಬೇಡ ಅನ್ನಲಿಲ್ಲ. ಮನಸ್ಸು ಹಗುರವಾಯಿತು. ಆಗಿದ್ದನ್ನು ಆಗಿಲ್ಲ ಅಂತ ಇಲ್ಲಿ ಬರೆದು ಏನು ಪ್ರಯೋಜನ.

ಏಪ್ರಿಲ್ 5

ಇಬ್ಬರು ಅಂತ ಬರೆದೆ. ಆಕೆ ನನಗೆ ಏನೂ ಆಗಬೇಕಿಲ್ಲ — ಅದಕ್ಕೂ ಒಂದು ಸಹಿ.

ಏಪ್ರಿಲ್ 8

ಸಾಮಾನು ಸಾಗಿಸಿದೆ. ಅವಳು ನಿನ್ನೆಯೇ ಹಾಲ್‌ಗೆ ಹೋಗಿಬಿಟ್ಟಿದ್ದಳು. ಮಂಚದ ಮೇಲೆ ನನ್ನ ಟವೆಲ್, ಒಣಗಿಸಿ ಮಡಚಿಟ್ಟಿದ್ದಳು. ನನ್ನ ಹಣೆಬರಹಕ್ಕೆ ಹೇಳದೆ ಹೋಗುವವರೇ ಸಿಗುತ್ತಾರೆ ಅಂತ ಸಿಟ್ಟು ಬಂತು. ಹೋಗುವ ಹಾಗೆ ಮಾಡಿದ್ದು ಯಾರು ಅನ್ನುವುದು ಬಸ್ಸಿನಲ್ಲಿ ನೆನಪಾಯಿತು.

ಏಪ್ರಿಲ್ 16

ಬಕೆಟ್ ಕ್ಯೂ ಇಲ್ಲ. ಟವೆಲ್ ಎಲ್ಲಿ ಬೇಕಾದರೂ ಹಾಕಬಹುದು. ಬಾಗಿಲಿಗೆ, ಕುರ್ಚಿಗೆ, ಮಂಚಕ್ಕೆ ಹಾಕಿ ನೋಡಿದೆ. ಯಾರೂ ಬೈಯಲಿಲ್ಲ. ಪಕ್ಕದ ಮನೆಯಾಕೆಗೆ ಅತ್ತೆಯ ಸಕ್ಕರೆ ಡಬ್ಬದ ಕಥೆ ಹೇಳಿದೆ. ಹೂಂಗುಟ್ಟುವವಳಿಲ್ಲದೆ ಸಪ್ಪೆಯಾಯಿತು. ದೊಡ್ಡಮ್ಮ ಯಾವಾಗ ಬರುತ್ತಾಳೆ ಅಂತ ಮಗಳ ರಾಗ. ನನಗೂ ಅವಳು ಬೇಕು.

ಭಾನುವಾರ ಹಾಲ್‌ಗೆ ಹೋಗಿದ್ದೆ. ಭೇಟಿ ಸಂಬಂಧಿಕರಿಗೆ ಮಾತ್ರ. ಜನವರಿಯ ಗುಮಾಸ್ತನೇ ಈಗ ಆ ಗೇಟಿನಲ್ಲಿ. “ಅವರು ನಿಮಗೆ ಏನಾಗ್ಬೇಕು?” ಅಂದ. ಹಾಕಿದ ಸಹಿ ನೆನಪಾಗಿ, ಗೊತ್ತಿರುವವರು ಅಂದೆ. ವಾಪಸ್ ಕಳಿಸಿದ.

ಏಪ್ರಿಲ್ 21, ಭಾನುವಾರ, 10.40, ಹಾಲ್ ಗೇಟಿನ ಬೆಂಚು

ಈ ಸಲ ರಿಜಿಸ್ಟರಿನಲ್ಲಿ ವಾರಗಿತ್ತಿ ಅಂತಲೇ ಬರೆದೆ. ಒಳಗಿನವರೂ ಹೌದು ಅನ್ನಬೇಕು ಅಂದು ಗುಮಾಸ್ತ ಕೇಳಲು ಹೋಗಿದ್ದಾನೆ. ಅವಳು ಅಲ್ಲ ಅಂದರೆ ತಪ್ಪೇನಿಲ್ಲ. ಮೊದಲು ಅಲ್ಲ ಅಂದವಳು ನಾನೇ. ಹತ್ತು ನಿಮಿಷ ಆಯಿತು. ಮಗಳು ಗೇಟಿನ ಕಂಬಿಗಳ ಮಧ್ಯೆ ತಲೆ ತೂರಿಸುತ್ತಿದ್ದಾಳೆ...

ಬಂದ. ಮುಖ ಗಂಟಿಕ್ಕಿಕೊಂಡೇ ಹೇಳಿದ: “ಹೌದಂತೆ. ಅತ್ತೆ ಮುದ್ದು ಮಾಡಿ ಕೆಡಿಸಿದ ಕಿರೀಸೊಸೆ ಅಂದ್ರೆ ನೀವೇ ಅಂತೆ.”

ಚಪ್ಪಲಿ ಸದ್ದು. ಮಗಳು ಓಡಿದಳು. ಅವಳು ಬಾಗಿಲಿಂದಲೇ ಶುರು ಮಾಡಿದ್ದಾಳೆ, ಒದ್ದೆ ಟವೆಲ್ ಈಗ ಎಲ್ಲಿ—