ಹದಿನೈದು ಹೆಜ್ಜೆ ಈಚೆಗೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಶುಕ್ರವಾರ

ಪ್ರೀತಿಯ ಅಜ್ಜಾ,

ಕಣ್ಣಿನ ಆಪರೇಷನ್ ಚೆನ್ನಾಗಿ ಆಯ್ತು, ಈಗ ನೀವು ತಮ್ಮ ಮನೆಯಲ್ಲೇ ಇದ್ದೀರಿ ಅಂತ ಅತ್ತೆ ಫೋನಿನಲ್ಲಿ ಹೇಳಿದರು. ನೋವಿದೆಯಾ? ಪಟ್ಟಿ ಬಿಚ್ಚುವ ತನಕ ಉಜ್ಜಬೇಡಿ, ನಿಮ್ಮದು ಸುಮ್ಮನಿರೋ ಕೈಯಲ್ಲ. ನಾನು ಚೆನ್ನಾಗಿದ್ದೇನೆ ಅಂತ ಬರೆದು ಹೊಡೆದುಹಾಕಿದೆ.

ಲಾಂಡ್ರಿ ಅಕ್ಕನ ಬೋರ್‌ವೆಲ್ ವಿಷಯ ಹೇಳಬೇಕು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನೀವು ನೀರಿನ ಜಾಗ ಹುಡುಕಲು ಕವಲುಕಡ್ಡಿ ಹಿಡಿದು ಅವರ ಜಾಗವೆಲ್ಲ ನಡೆದಿರಲ್ಲ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಎರಡು ಸಲವೂ ಕಡ್ಡಿ ಬಗ್ಗಿದ ಕಡೆ ಮಾತ್ರ ನಿಮ್ಮ ಗೂಟ. ನಿಮ್ಮ ಅಜ್ಜನೂ ನೀರು ನೋಡುತ್ತಿದ್ದದ್ದು ಹೀಗೇ ಅಂತೆ. "ಒಂದೇ ಸಲ ಬಗ್ಗಿದ್ರೆ ಅದು ನೀರಲ್ಲ ಕಣೋ, ನಮ್ಮ ಆಸೆ" ಅನ್ನುತ್ತಿದ್ದಿರಿ. ಗೂಟ ಬಿದ್ದಿದ್ದು ಮನೆಯ ಹಿಂದೆ, ಕಾಂಪೌಂಡ್ ಗೋಡೆಯ ಮೂಲೆಯಲ್ಲಿ.

ಮಂಗಳವಾರ ಬೋರ್ ಲಾರಿ ಬಂತು. ಅಕ್ಕ ಕೆಲಸ ನನಗೆ ಒಪ್ಪಿಸಿ ಬಟ್ಟೆ ಕೊಟ್ಟು ಬರಲು ಹೋಗಿದ್ದರು. ಲಾರಿ ಹಿತ್ತಲಿಗೆ ಹೋಗಲು ದಾರಿಯೇ ಇಲ್ಲ. ಡ್ರೈವರ್ ಗೂಟ ನೋಡಿ ನಕ್ಕ. "ಗೋಡೆ ಒಡೆಸಿ ಕರೀರಿ, ಮುಂದಿನ ತಿಂಗಳು ನೋಡೋಣ. ಅಲ್ಲಯ್ಯಾ, ಹದಿನೈದು ಹೆಜ್ಜೆ ಈಚೆಗೆ ಕೊರೆದ್ರೆ ನೀರೇನು ಊರು ಬಿಟ್ಟು ಹೋಗತ್ತಾ?" ನನಗೆ ಕಾಯೋದು ಯಾವತ್ತು ಬಂದಿದೆ ಅಜ್ಜಾ? ಮೂರು ಕೆಲಸ ಬಿಟ್ಟವನು. ಇದೊಂದನ್ನಾದರೂ ನಿಂತು ಮುಗಿಸಿದ ಅನ್ನಿಸಿಕೊಳ್ಳಬೇಕಿತ್ತು. ಗೂಟ ಕಿತ್ತು ಗೇಟಿನ ಪಕ್ಕ ಹೊಡೆದೆ. ಕಡ್ಡಿ ಮುಟ್ಟಲೂ ಇಲ್ಲ.

ಅಕ್ಕ ಬಂದವರೇ, "ಅಜ್ಜ ಹಿಂದ್ಗಡೆ ಅಲ್ವೇನೋ ನೆಟ್ಟಿದ್ದು?" ಅಂದರು. "ಹೋಗೋ ಮುಂಚೆ ಅವರೇ ಬದಲಾಯಿಸಿದ್ರು ಅಕ್ಕ" ಅಂದೆ. ನಾಲಿಗೆ ಒಂಚೂರೂ ತಡವರಿಸಲಿಲ್ಲ. ನಿಮ್ಮ ಮಾತು ಅಂದಮೇಲೆ ಅವರೇ ಡ್ರೈವರಿಗೆ ಕೊರೆಯಲು ಹೇಳಿದರು.

ನಾನೂರು ಅಡಿಯವರೆಗೂ ಬರೀ ಧೂಳು. ಇಸ್ತ್ರಿ ಮಾಡಿಟ್ಟ ಬಟ್ಟೆಯ ಮೇಲೆಲ್ಲ ಕೂತಿತು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೊಡ ಎತ್ತಿಕೊಂಡು ಬೀದಿ ನಲ್ಲಿಗೆ ಹೊರಟರು, ಅಷ್ಟನ್ನೂ ಮತ್ತೆ ಒಗೆಯಬೇಕಲ್ಲ. ಟೀ ಅಂಗಡಿಯವನು, "ಅಜ್ಜನ ಕಣ್ಣಿನ ಜೊತೆ ಕಡ್ಡಿಗೂ ಪೊರೆ ಬಂತು ಬಿಡಿ" ಅಂದ. ಎಲ್ಲರೂ ನಕ್ಕರು. ನಾನೂ ಹಲ್ಲು ಕಿರಿದೆ ಅಜ್ಜಾ. ಎಷ್ಟೋ ಕಡೆ "ನಂಗೆ ಗೊತ್ತಾಗ್ಲಿಲ್ಲ" ಅಂತ ಕೈ ಮುಗಿದು ಬರಿಗೈಲಿ ಬಂದವರು ನೀವು.

ಅತ್ತೆಗೆ ನನ್ನ ನಮಸ್ಕಾರ. ಕಣ್ಣಿನ ಡ್ರಾಪ್ಸ್ ಮರೆಯಬೇಡಿ.

ತಲೆ ಎತ್ತಲಾಗದ
ನಿಮ್ಮ ಮೊಮ್ಮಗ

ಇನ್ನೊಂದು ಮಾತು: ಬೇರೆ ಜಾಗ ಕೇಳಲು ಲಾಂಡ್ರಿ ಅಕ್ಕನೇ ನಿಮ್ಮ ಹತ್ತಿರ ಬರುತ್ತಿದ್ದಾರೆ. ಈ ಕಾಗದ ಅವರ ಕೈಯಲ್ಲೇ ಕೊಟ್ಟಿದ್ದೇನೆ, ಅಜ್ಜನಿಗೆ ನೀವೇ ಓದಿ ಹೇಳಿ ಅಂತ. ಅಕ್ಕಾ, ಎದುರು ನಿಂತು ಹೇಳೋ ಧೈರ್ಯ ಬರಲಿಲ್ಲ. ನೀವು ಹೂಂ ಅಂದರೆ ಆ ಗೋಡೆ ನಾನೇ ಕೆಡವಿ, ನಾನೇ ಕಟ್ಟಿಕೊಡುತ್ತೇನೆ. ತಪ್ಪು ಅಜ್ಜನದಲ್ಲ, ನನ್ನದು. ಈ ಸಾಲು ಸ್ವಲ್ಪ ಜೋರಾಗಿ ಓದಿ ಅಕ್ಕಾ, ಒಳಗಿರೋ ಅತ್ತೆಗೂ ಕೇಳಿಸಲಿ.