ಅಂಟಿಕೊಂಡ ಎರಡು ಪುಟ

ಮರಿ,

ನಿನ್ನ ದಿಂಬಿಗೆ ಒಗೆದ ಗವಸು ಹಾಕಲು ಹಳೆಯದನ್ನು ಎಳೆದೆ. ಒಳಗಿಂದ ಆ ರಾಜಕುಮಾರಿ ಕತೆಯ ಎರಡನೇ ಭಾಗ ದೊಪ್ಪನೆ ನನ್ನ ಕಾಲ ಮೇಲೆ ಬಿತ್ತು. "ಬರೀ ಡ್ರ್ಯಾಗನ್ನು, ಕತ್ತಿ, ಒಂಚೂರು ಪ್ರೀತಿ ಅಷ್ಟೇ ಅಜ್ಜೀ, ನೀನೂ ಓದ್ಬಹುದು" ಅಂದವಳು ಅದನ್ನು ಬಚ್ಚಿಟ್ಟದ್ದು ಯಾಕೆ?

ಅದೂ ಸರಿಯಾಗಿ ಕತೆಯ ಆ ಹುಡುಗ ಗುಹೆಯಲ್ಲಿ ದೀಪ ಆರಿಸುವ ಕಡೆ ಎರಡು ಪುಟ ಅಂಟಿಕೊಂಡಿವೆ. ಮುಂದೇನಾಯಿತು ಅಂತ ಅಜ್ಜಿಗೆ ತಿಳಿಯಬಾರದು, ಅಲ್ಲವೆ? ರಾತ್ರಿ ಶಾಲೆಯಲ್ಲಿ ಓದು ಕಲಿತವಳಾದರೂ ನಾನು ಅಷ್ಟು ಪೆದ್ದಿಯಲ್ಲ. ಕೆಟಲಿನ ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿದೆ.

ನೋಡಿದರೆ ಅಂಟಿಸಿದ್ದು ಜಾಮ್! ಹಾಸಿಗೆಯಲ್ಲಿ ಕೂತು ತಿನ್ನಬೇಡ ಅಂತ ಎಷ್ಟು ಸಲ ಹೇಳಲಿ? ಬ್ರೆಡ್ಡು ಡಬ್ಬಿಯಲ್ಲಿದೆ, ಮೇಜಿನ ಹತ್ತಿರ ತಿನ್ನು. ಲೈಬ್ರರಿಯವರಿಗೆ ಜಾಮಿನ ಕಲೆಯ ವಿಷಯ ನೀನೇ ಹೇಳಬೇಕು.

ಆ ಪುಟಗಳಲ್ಲಿ ಅವನು ರಾಜಕುಮಾರಿಯ ಕೈ ಹಿಡಿದು, ಡ್ರ್ಯಾಗನ್ನಿಗೆ ಕೇಳಿಸದಂತೆ ಉಸಿರು ಬಿಗಿಹಿಡಿದು ಕೂತಿದ್ದಾನೆ, ಅಷ್ಟೇ. ಆದರೂ ಅವನ ಮೇಲೆ ನನಗೆ ಪೂರ್ತಿ ನಂಬಿಕೆಯಿಲ್ಲ. ಈ ಭಾಗದ ಕೊನೆಯಲ್ಲಿ ಅವಳಿಗೊಂದು ಮಾತೂ ಹೇಳದೆ ಎಲ್ಲಿಗೆ ಹೋದ?

ಮೂರನೇ ಭಾಗ ದೊಡ್ಡವರ ವಿಭಾಗದಲ್ಲಿದೆ, ಮನೆಯವರ ಒಪ್ಪಿಗೆ ಪತ್ರ ಬೇಕು ಅಂತ ನೀನು ಗೋಗರೆಯುತ್ತಲೇ ಇದ್ದೆ. ಅಲ್ಲಿ ಎಂಥೆಂಥ ಪುಸ್ತಕಗಳಿವೆಯೋ ಅಂತ ನಾನು ಮುಂದೂಡುತ್ತಲೇ ಬಂದೆ. ಈಗ ಬರೆದು, ಸಹಿ ಹಾಕಿ, ಕೊಟ್ಟುಬರಲು ಹೊರಟಿದ್ದೇನೆ. ಪುಸ್ತಕ ಸಿಕ್ಕರೆ ಮೊದಲು ನಾನು ಓದುತ್ತೇನೆ. ಆ ಹುಡುಗನ ಮೇಲೆ ಒಂದು ಕಣ್ಣಿಡಬೇಕು.

ಅಜ್ಜಿ