ಗುಬ್ಬಿ ತಳ್ಳಿದ ತಟ್ಟೆ

ಮನೆಯಿಂದ,
ಶನಿವಾರ ಮಧ್ಯಾಹ್ನ, ಮಾರ್ಚ್ ೯

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ಪುಟಾಣಿಗೆ ದವಡೆ ಹಲ್ಲೂ ಬಂದವಂತೆ, ಅಳಿಯಂದಿರು ಹೇಳಿದರು. ಅಂಗಡಿಯಿಂದ ನಿನಗೆ ತಿಳಿಯದಂತೆ ನನಗೆ ಫೋನ್ ಮಾಡುತ್ತಾರೆಂದು ಅವರ ಮೇಲೆ ರೇಗಬೇಡ. ನೀನು ನನ್ನ ಫೋನ್ ಎತ್ತದಿದ್ದರೆ ನಾನು ಇನ್ನು ಯಾರನ್ನು ಕೇಳಲಿ? ಇಲ್ಲಿ ನಾವು ಇದ್ದೇವೆ. ಅಪ್ಪನ ಮಂಡಿನೋವು ಹಾಗೇ ಇದೆ. ನಾನು ಹೊಲಿಗೆಯನ್ನು ಅರ್ಧಕ್ಕರ್ಧ ಇಳಿಸಿದ್ದೇನೆ, ಸೂಜಿಗೆ ದಾರ ಪೋಣಿಸಲು ಕಣ್ಣು ಸಾಲದು. ಡೈರಿಯಲ್ಲಿ ನಾಲ್ಕು ಸಾಲು ಗೀಚಿ ಮಲಗುವವಳಿಗೆ ಇಷ್ಟುದ್ದ ಬರೆಯುವುದು ಕಷ್ಟವೇ. ಹರಿದು ಹಾಕಬೇಡ, ಕೊನೆಯವರೆಗೆ ಓದು. ನೀನೂ ಪುಟಾಣಿಯೂ ಇಲ್ಲಿಗೆ ಬಂದು ವಿಶ್ವವಿದ್ಯಾಲಯದ ಮೇಡಂ ಹತ್ತಿರ ಸ್ವಲ್ಪ ರಕ್ತ ಕೊಡಬೇಕು. ಅದನ್ನು ಕೇಳುವುದಕ್ಕೇ ಈ ಕಾಗದ.

ನಿನಗೆ ಸಿಟ್ಟು ಬರುತ್ತದೆ, ಗೊತ್ತು. ನಮ್ಮ ಗುಬ್ಬಿ ಹೋದ ದಿನ ಅದೇ ಮೇಡಂ ಆಸ್ಪತ್ರೆಯ ವರಾಂಡಕ್ಕೆ ಬಂದು, ಓಡಾಡಿಕೊಂಡಿದ್ದ ಹದಿನೇಳರ ಹುಡುಗ ಏಕೆ ಹೀಗೆ ಹೋದ ಎಂದು ತಿಳಿಯಲು ಅವನ ಲಿವರಿನ ಒಂದು ಚೂರು ಬೇಕು ಎಂದರು. ನಾನು ರುಜು ಹಾಕಿದೆ. 'ಸತ್ತ ಮೇಲೂ ನನ್ನ ತಮ್ಮನ್ನ ಬಿಡ್ಲಿಲ್ವಲ್ಲಮ್ಮಾ ನೀನು!' ಎಂದು ನೀನು ಕೂಗಿದ್ದು ವರಾಂಡದಲ್ಲಿದ್ದವರಿಗೆಲ್ಲ ಕೇಳಿಸಿತು. ಆಗ ಪುಟಾಣಿ ನಿನ್ನ ಹೊಟ್ಟೆಯಲ್ಲಿದ್ದ. ಅವತ್ತು ಹೋದವಳು ನೀನು ಈ ಹೊಸಿಲು ತುಳಿದಿಲ್ಲ. ಮೊಮ್ಮಗನನ್ನು ನಾನು ನೋಡಿರುವುದು ಫೋಟೋದಲ್ಲಿ ಮಾತ್ರ. ನಾನು ಮಾಡಿದ್ದೇ ಸರಿ ಎಂದು ವಾದಕ್ಕೆ ನಿಲ್ಲುವುದಿಲ್ಲ. ಆ ಚೂರು ಏನು ಹೇಳಿತು ಎಂಬುದನ್ನಷ್ಟೇ ತಿಳಿಸುತ್ತೇನೆ.

ಗುರುವಾರ ಅವರ ಜೀವರಸಾಯನ ವಿಭಾಗದಲ್ಲಿ ಸಮಾರಂಭವಿತ್ತು. ಗುಬ್ಬಿಯ ಕಾಯಿಲೆಯ ಮೇಲೆ ಅವರು ಮಾಡಿದ ಕೆಲಸ ದೊಡ್ಡ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಗಿದೆ, ಮೇಡಂಗೆ ಪ್ರಶಸ್ತಿ ಬಂದಿದೆ, ವಿಭಾಗಕ್ಕೆ ಹೊಸ ಯಂತ್ರವೂ ಬರುತ್ತದಂತೆ. ನನ್ನನ್ನೂ ಕರೆದರು. ಅಪ್ಪ ಬರಲಿಲ್ಲ. 'ನೀನೇ ಹೋಗಿ ಬಾ, ನನಗೆ ಅಲ್ಲಿ ಕೂತು ಕೇಳೋಕಾಗಲ್ಲ' ಎಂದರು. ಆದರೆ ಹೊರಡುವಾಗ ನೋಡಿದರೆ ನನ್ನ ಚಪ್ಪಲಿ ಒರೆಸಿಟ್ಟಿದ್ದರು.

ಮಹಡಿಯ ಓಣಿಯಂಥ ಜಾಗದಲ್ಲಿ ಆಳೆತ್ತರದ ಶೀತಪೆಟ್ಟಿಗೆಗಳು ಸಾಲಾಗಿ ನಿಂತು ಗುಂಯ್‌ಗುಡುತ್ತಿದ್ದವು. ಈ ಮೂರು ವರ್ಷ ಗುಬ್ಬಿಯ ಚೂರನ್ನು ಪರೀಕ್ಷೆ ಮಾಡಿದವಳು ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಎಷ್ಟು ಉದ್ದ ಎಂದರೆ ನಾನು ಮನಸ್ಸಿನಲ್ಲೇ ಏಣಿ ಎಂದು ಹೆಸರಿಟ್ಟೆ. ಒಂದು ಪೆಟ್ಟಿಗೆಯ ಬಾಗಿಲು ಮುಟ್ಟಿ, 'ಇದರೊಳಗೇ ಆಂಟಿ' ಎಂದಳು. ನಾನೂ ಮುಟ್ಟಿದೆ. ಬಾಗಿಲ ಹೊರಗೆ ಅಷ್ಟೇನೂ ತಣ್ಣಗಿರಲಿಲ್ಲ. 'ನಿಮ್ಮ ಮಗನಿಂದಲೇ ನನ್ನ ಪಿಎಚ್‌ಡಿ ಆಗಿದ್ದು' ಎಂದವಳು ಥಟ್ಟನೆ ನಾಲಿಗೆ ಕಚ್ಚಿಕೊಂಡಳು. ಪಾಪ, ಒಳ್ಳೆಯ ಹುಡುಗಿ.

ಸಭೆಯಲ್ಲಿ ಪರದೆಯ ಮೇಲೆ ಅವನ ಹೆಸರಿರಲಿಲ್ಲ. 'ರೋಗಿ ೧' ಎಂದಿತ್ತು. ಅವನ ಕೊನೆಯ ದಿನಗಳ ಕೆಂಪು ಗೆರೆಯೊಂದು ಮೆಟ್ಟಿಲು ಹತ್ತಿದಂತೆ ಹತ್ತಿ ಹತ್ತಿ ಕೊನೆಗೆ ನಿಂತುಬಿಟ್ಟಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈ ಎತ್ತಿದೆ, ಆಮೇಲೆ ಯಾವುದಕ್ಕೆ ತಟ್ಟುತ್ತಿದ್ದೇನೆ ಎಂದು ಹೊಳೆದು ಮಡಿಲಲ್ಲಿಟ್ಟುಕೊಂಡೆ. ಕೇಕಿನ ಮೇಲೆ ಯಾವುದೋ ಕಿಣ್ವದ ಹೆಸರನ್ನು ಕೆನೆಯಲ್ಲಿ ಬರೆಸಿದ್ದರು. ನನ್ನ ತುಂಡನ್ನು ಕಿಟಕಿಯಲ್ಲಿಟ್ಟು ಬಂದೆ.

ಆಮೇಲೆ ಮೇಡಂ ತಮ್ಮ ಕೋಣೆಗೆ ಕರೆದು ಬಿಡಿಸಿ ಹೇಳಿದರು. ನಾವು ತಿಂದ ಬೇಳೆ, ಮೊಟ್ಟೆ, ಹಾಲು ಕರಗುವಾಗ ಎಲ್ಲರ ಮೈಯಲ್ಲೂ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಲಿವರಿನಲ್ಲಿರುವ ಆ ಕಿಣ್ವ ಅದನ್ನು ಮೂತ್ರದಲ್ಲಿ ಸಾಗಹಾಕುತ್ತದೆ. ಗುಬ್ಬಿಗೆ ಆ ಕಿಣ್ವ ಅರೆಬರೆ ಇತ್ತು. ವಿಷ ತಲೆಗೇರಿತು. ಕೊನೆಯಲ್ಲಿ ಅವನು ಬಡಬಡಿಸಿದ್ದು, ಯಾರೋ 'ಕುಡಿದಿದ್ದಾನೆ' ಎಂದದ್ದು, ಎಲ್ಲ ಅದರಿಂದಲೇ. 'ಇಂಥ ಮಕ್ಕಳು ತಾವಾಗೇ ಬೇಳೆ, ಮೊಟ್ಟೆ, ಹಾಲೆಲ್ಲ ದೂರ ಇಡ್ತಾರಮ್ಮ, ಮೈಗೇ ಗೊತ್ತಿರುತ್ತೆ' ಎಂದರು.

ಪುಟ್ಟೀ, ಅವನಿಗೆ ಗುಬ್ಬಿ ಎಂದು ಹೆಸರು ಬಿದ್ದದ್ದೇ ಗುಬ್ಬಿಯಂತೆ ಕುಕ್ಕುತ್ತಾನೆಂದು. ನಾನು ಹಿಟ್ಟಿನಲ್ಲಿ ಕಾಳು ಅರೆದು ಅಡಗಿಸುತ್ತಿದ್ದೆ. ಅಪ್ಪ 'ಏನೋ ಸನ್ಯಾಸಿ, ಹಾಲೂ ಬಿಟ್ಯಾ?' ಎಂದು ಛೇಡಿಸಿ ಲೋಟ ಖಾಲಿ ಮಾಡಿಸುತ್ತಿದ್ದರು. ಅವನು ಹೋದ ವಾರ ನೀನು ಬಂದೆ, ಬಡಕಲಾಗಿದ್ದಾನೆಂದು ತುತ್ತು ಮಾಡಿ ಮೊಟ್ಟೆ ತಿನ್ನಿಸಿದೆ. ತಿನ್ನಿಸಿದ್ದು ನೀನೊಬ್ಬಳೇ ಅಲ್ಲ. ಇದನ್ನು ಓದಿ ನೀನು ಗೋಡೆ ನೋಡುತ್ತ ಕೂರುತ್ತೀಯ, ಕೂರಬೇಡ. 'ತಿನ್ನಿಸದೇ ಇದ್ದಿದ್ರೆ ಇರ್ತಿದ್ನಾ?' ಎಂದು ಕೇಳಿದೆ. ಮೇಡಂ ಕನ್ನಡಕ ತೆಗೆದು ಮೇಜು ನೋಡಿದರು. 'ಆಗ ಯಾರಿಗೂ ಗೊತ್ತಿರ್ಲಿಲ್ಲಮ್ಮ' ಎಂದರು.

ಈ ದೋಷ ತಾಯಿಯಿಂದ ಬರುತ್ತದೆ. ನನ್ನ ರಕ್ತ ನೋಡಿದ್ದಾರೆ; ನನ್ನಲ್ಲಿದೆ. ನನ್ನಂಥವರು ಹೆಚ್ಚಾಗಿ ಏನೂ ತಿಳಿಯದೆ ಬದುಕಿಬಿಡುತ್ತಾರೆ, ಏಟು ಬೀಳುವುದು ಗಂಡುಮಕ್ಕಳಿಗೆ. ನಿನಗೂ ಬಂದಿರಬಹುದು, ಬಂದಿಲ್ಲದೆಯೂ ಇರಬಹುದು. ಬಂದಿದ್ದರೆ ಪುಟಾಣಿಗೂ ದಾಟಿರಬಹುದು. ಮೊದಲೇ ಗೊತ್ತಾದರೆ ಪಥ್ಯವಿದೆ, ಔಷಧಿಯಿದೆ, ಮಗು ಬೆಳೆಯುತ್ತದೆ. 'ಸದ್ಯಕ್ಕೆ ರೋಗಿ ಎರಡು ಅಂತ ಯಾರೂ ಇಲ್ಲ ಆಂಟಿ' ಎಂದಳು ಏಣಿ, ನನಗೆ ಸಮಾಧಾನವಾಗಲೆಂದು.

ನನ್ನ ಜೊತೆ ಮಾತಾಡಬೇಡ, ಬೇಕಾದರೆ ಮನೆಯೊಳಗೂ ಬರಬೇಡ. ಬಸ್ ನಿಲ್ದಾಣದಿಂದ ನೇರ ವಿಭಾಗಕ್ಕೆ ಹೋಗಿ ರಕ್ತ ಕೊಟ್ಟು ಹಿಂದಿರುಗು. ನಾನು ಎದುರಿನ ಫುಟ್‌ಪಾತಿನಲ್ಲಿ ನಿಂತು ಪುಟಾಣಿಯನ್ನು ಒಂದು ಸಲ ನೋಡಿಕೊಳ್ಳುತ್ತೇನೆ, ಅಷ್ಟೆ.

ಪುಟಾಣಿಯ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು. ಅಳಿಯಂದಿರಿಗೆ ನನ್ನ ನೆನಪು ತಿಳಿಸು. ನೀವು ಮೂವರೂ ತಣ್ಣಗಿರಿ.

ನಿನ್ನ
ಅಮ್ಮ

ಮತ್ತೆ — ಲಕೋಟೆಗೆ ಅಂಟು ಹಚ್ಚುವಾಗ ಅಳಿಯಂದಿರ ಫೋನ್ ಬಂತು. ನಗುತ್ತ ಹೇಳಿದರು: 'ನಿಮ್ಮ ಮೊಮ್ಮಗನಿಗೆ ಊಟ ಮಾಡ್ಸೋದಂದ್ರೆ ಯುದ್ಧ ಅತ್ತೆ. ಮೊಟ್ಟೆ ಕಂಡ್ರೆ ತಟ್ಟೆ ತಳ್ತಾನೆ. ಇವಳು ಮೂಗು ಹಿಡಿದು ತುರುಕ್ತಾಳೆ. ಆಮೇಲೆ ವಾಂತಿ, ಆಮೇಲೆ ದಿನವಿಡೀ ನಿದ್ದೆ.' ನಾನು ಅವರ ಮಾತು ತಡೆದೆ. ವಿಷಯ ಹೇಳಿದೆ. ನಗು ನಿಂತಿತು. 'ನಾನು ಹೇಳಿದ್ರೆ ಕೇಳ್ತಾಳಾ ಅತ್ತೆ?' ಎಂದರು. ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ಅಪ್ಪನೇ ಮಂಡಿ ಕಟ್ಟಿಕೊಂಡು ಈಗಿನ ಬಸ್ಸಿಗೆ ಹೊರಟಿದ್ದಾರೆ. ಬಾಗಿಲು ತೆಗೆ. ಓದಿದ ಕೂಡಲೇ ಮಗುವನ್ನು ಎತ್ತಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗು. 'ಇವನ ಸೋದರಮಾವ ಹೀಗೇ ಹೋದ, ರಕ್ತದಲ್ಲಿ ಅಮೋನಿಯಾ ನೋಡಿ' ಎಂದು ಹೇಳು. ಅವರು ನಕ್ಕರೂ ಅಲ್ಲಿಂದ ಏಳಬೇಡ. ಅಲ್ಲಿಯವರೆಗೆ ಅವನು ತಟ್ಟೆ ತಳ್ಳಿದರೆ ತಳ್ಳಲಿ. ಮೂಗು ಬಿಡು, ಪುಟ್ಟೀ.